ಬ್ಯಾಂಕಾಕ್ ವಿಮಾನಕ್ಕೆ ಕೂತವರು

ಬ್ಯಾಂಕಾಕಿನಿಂದ ನಮ್ಮ ಊರಿಗೆ ಆಕಾಶಮಾರ್ಗದಲ್ಲಿ ಎರಡು ಸಾವಿರದ ನಾನೂರ ಎಂಬತ್ತು ಕಿಲೋಮೀಟರ್. ಹೋಗುವಾಗ ಮೂರೂಮುಕ್ಕಾಲು ಗಂಟೆ, ಬರುವಾಗ ಗಾಳಿ ಎದುರಾಗುವುದರಿಂದ ನಾಲ್ಕು ಗಂಟೆಗೆ ತುಸು ಹೆಚ್ಚು. ಈ ಅಂಕಿಗಳನ್ನು ನಾನು ನಮ್ಮ ಪತ್ರಿಕೆಯಲ್ಲಿ ವರ್ಷಗಟ್ಟಲೆ ಅಚ್ಚು ಹಾಕಿಸುತ್ತ ಬಂದಿದ್ದೇನೆ, ಯಾರೂ ತಪ್ಪು ಹುಡುಕಿಲ್ಲ. ಆದರೆ ಮನೆಯಲ್ಲಿ ಒಬ್ಬರು ಕೂತಿದ್ದರೆ ಮಾತ್ರ ಈ ಅಂಕಿ ಸರಿ. ಕೂತವರು ನಡುವೆ ಎದ್ದರೆ ದೂರ ಅಷ್ಟೇ ಇರುತ್ತದೆ, ಹೊತ್ತಿನ ಲೆಕ್ಕ ಮಾತ್ರ ಯಾರ ಕೈಗೂ ಸಿಗುವುದಿಲ್ಲ.

ನಮ್ಮೂರಿನವರದು ಹರಳಿಗೆ ಸಾಣೆ ಹಿಡಿಯುವ ಕಸುಬು. ಕೆಂಪು, ನೀಲ, ಪಚ್ಚೆಗಳ ವ್ಯಾಪಾರ ಬ್ಯಾಂಕಾಕಿನಲ್ಲಿ ಕುದುರುವುದರಿಂದ ಮನೆಗೊಬ್ಬರಾದರೂ ಅಲ್ಲಿರುತ್ತಾರೆ. ಅವರು ವಿಮಾನ ಹತ್ತಿದರೆ ಇಲ್ಲಿ ಅವರ ಹೆಸರಿನಲ್ಲಿ ಒಬ್ಬರು ನೆಲಕ್ಕೆ ಕಂಬಳಿ ಹಾಸಿ, ಗೋಡೆಗೆ ಬೆನ್ನು ಕೊಟ್ಟು ಕೂರಬೇಕು. ವಿಮಾನದ ಚಕ್ರ ನೆಲ ಬಿಡುವಾಗ ಕೂತಿರಬೇಕು, ಮತ್ತೆ ನೆಲ ಮುಟ್ಟುವವರೆಗೆ ಏಳಬಾರದು. ಮಾತಾಡಬಹುದು, ಅವಲಕ್ಕಿ ಮುಕ್ಕಬಹುದು, ತೂಕಡಿಸಬಹುದು. ಮಲಗುವಂತಿಲ್ಲ, ನಡುವೆ ಇನ್ನೊಬ್ಬರಿಗೆ ಒಪ್ಪಿಸುವಂತಿಲ್ಲ. ಎದ್ದರೆ ವಿಮಾನವೇನೋ ಹೊತ್ತಿಗೆ ಸರಿಯಾಗಿ ಇಳಿಯುತ್ತದೆ. ಆ ಒಬ್ಬರ ಸೀಟು ಮಾತ್ರ ಖಾಲಿ ಇರುತ್ತದೆ, ಬೆಲ್ಟು ಬಿಗಿದದ್ದು ಬಿಗಿದ ಹಾಗೆ. ಆಮೇಲೆ ತಿಂಗಳೋ ವರ್ಷವೋ ಕಳೆದು, ಅದೇ ದಾರಿಯ ಅದೇ ಸೀಟಿನಲ್ಲಿ ಅವರು ಕೂತಿರುತ್ತಾರೆ. ಅವರ ಪಾಲಿಗೆ ಒಂದು ನಿಮಿಷವೂ ಹೋಗಿರುವುದಿಲ್ಲ. ಊಟದ ತಟ್ಟೆ ಇನ್ನೂ ಯಾಕೆ ಬರಲಿಲ್ಲ ಎಂದು ಗಗನಸಖಿಯನ್ನು ಕೇಳುತ್ತಾರೆ.

ಇದಕ್ಕೆ ಊರು ಎಂದೋ ಹೊಂದಿಕೊಂಡಿದೆ. ಬ್ಯಾಂಕಿನಲ್ಲಿ, ಶಾಲೆಯಲ್ಲಿ ಕೂರುವ ರಜೆ ಎಂದೇ ಒಂದು ರಜೆ ಇದೆ. ಹೆಣ್ಣು ನೋಡಲು ಬಂದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುವುದಿಲ್ಲ, ಎಷ್ಟು ಹೊತ್ತು ಕೂರುತ್ತಾಳೆ ಎಂದು ಕೇಳುತ್ತಾರೆ. ನಡುವೆ ಏಳಬೇಕಾಗದಂತೆ ಕೂರುವ ಹಿಂದಿನ ಸಂಜೆಯಿಂದಲೇ ನೀರು ಕುಡಿಯಬಾರದೆಂಬುದು ಎಳೆಯ ಮಕ್ಕಳಿಗೂ ಗೊತ್ತು. ಖಾಲಿಯಾದ ಸೀಟನ್ನು ವಿಮಾನದವರು ಮತ್ತೆ ಮಾರುವುದಿಲ್ಲ. ಕೂತವರಿಗೆ ಬೇಸರವಾಗದಂತೆ ಓಣಿಯವರು ಬಂದು ಎದುರು ಕೂತು ಹರಟೆ ಹೊಡೆಯಬೇಕು. ಪತ್ರಿಕೆಯವನ ಹತ್ತಿರ ಸುದ್ದಿ ಇರುತ್ತದೆಂದು ನನಗೆ ಈ ಕರೆ ತುಸು ಹೆಚ್ಚು.

ನಮ್ಮವರ ಇನ್ನೊಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡಬೇಕು, ಅದಿಲ್ಲದೆ ಆ ದಿನ ನಡೆದದ್ದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ, ಹಾಗೆಯೇ ಮಣ್ಣು ಮಾಡುತ್ತೇವೆ. ಸಾವು ಗೊತ್ತಾದ ಗಳಿಗೆಯಿಂದ ಹೆಣವನ್ನು ಮೀಯಿಸಿ ಕೂರಿಸುವವರೆಗೆ ಆ ಮನೆಯಲ್ಲಿ ಬೇರೆ ಯಾರೂ ಕೂರುವಂತಿಲ್ಲ. ಮುದುಕರೂ ರೋಗಿಗಳೂ ಕೋಲು ಹಿಡಿದಾದರೂ ನಿಲ್ಲಬೇಕು. ಮೊದಲು ಸತ್ತವರು ಕೂರಬೇಕು, ಆಮೇಲೆ ಬದುಕಿದವರು.

ನಾನು ಬಾಡಿಗೆಗಿರುವುದು ಬಸಲಿಂಗವ್ವನ ಮನೆಯ ಮಾಳಿಗೆಯ ಮೇಲಿನ ಕೋಣೆಯಲ್ಲಿ. ಅರವತ್ತೆರಡರ ಹೆಂಗಸು, ಗಂಡ ತೀರಿಹೋಗಿ ಬಹಳ ವರ್ಷ. ಮಗ ಈರಣ್ಣ ಇಲ್ಲೇ ಸಾಣೆಯ ಅಂಗಡಿ ಇಟ್ಟಿದ್ದಾನೆ, ಸೊಸೆ ಶೈಲಾ. ಮಗಳು ಅನಸೂಯಾಳನ್ನು ಬ್ಯಾಂಕಾಕಿನಲ್ಲಿದ್ದ ಹರಳಿನ ವ್ಯಾಪಾರಿಗೆ ಕೊಟ್ಟಿತ್ತು. ಅವಳಿಗೀಗ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂದು ಬರುತ್ತಿದ್ದಳು. ಇನ್ನು ಎರಡು ವಾರ ತಡವಾದರೆ ವಿಮಾನದವರು ಹತ್ತಿಸಿಕೊಳ್ಳುವುದಿಲ್ಲ. ಬಸಿರಿ ಬರುವಾಗ ಓಣಿಯ ಎಲ್ಲರಿಗೂ ಎದೆ ಡವಗುಟ್ಟುತ್ತದೆ. ಸೀಟು ಖಾಲಿಯಾಗಿ ಬಂದರೆ ಇಬ್ಬರು ಹೋದಂತೆ. ಅವಳು ವರ್ಷ ಬಿಟ್ಟು ಬಂದರೂ ಏಳು ತಿಂಗಳ ಬಸಿರಿಯಾಗಿಯೇ ಬರುತ್ತಾಳೆ ಎಂದು ತಿಳಿದವರು ಹೇಳಬಹುದು; ಕಾಯುವ ತಾಯಿಗೆ ಆ ಮಾತು ಹೇಳಿ ನೋಡಲಿ.

ಬಸಲಿಂಗವ್ವ ಕೂರುವುದರಲ್ಲಿ ಹೆಸರಾದವಳು. ಅವಳು ಕೂತ ಒಂದು ಸೀಟೂ ಖಾಲಿಯಾಗಿ ಬಂದದ್ದಿಲ್ಲ. ಅದಕ್ಕೆ ತದ್ವಿರುದ್ಧವಾದವಳು ಪಕ್ಕದ ಮನೆಯ ತಂಗೆವ್ವ, ಈರಣ್ಣ ಅನಸೂಯಾರ ಬಾಯಲ್ಲಿ ಚಿಗವ್ವ. ಹನ್ನೊಂದು ವರ್ಷದ ಹಿಂದೆ ಅವಳು ಗಂಡ ಮಲ್ಲೇಶಿಗಾಗಿ ಕೂತಿದ್ದಳು, ಸೀಟು ಖಾಲಿ ಬಂತು. ಇಂದಿಗೂ ಖಾಲಿ. ಇಷ್ಟು ದೀರ್ಘ ಕಾಲ ಯಾರೂ ದಾರಿಯಲ್ಲಿ ಉಳಿದದ್ದಿಲ್ಲ. ನಾನು ಎದ್ದಿಲ್ಲ ಎಂದು ತಂಗೆವ್ವ ಆಗ ಹೇಳಿದಳು, ಆಮೇಲೂ ಅದನ್ನೇ ಹೇಳಿದಳು, ಕಡೆಗೆ ಹೇಳುವುದನ್ನು ಬಿಟ್ಟಳು. ಊರು ನಂಬಲಿಲ್ಲ. ಅಂದಿನಿಂದ ಅವಳನ್ನು ಯಾರೂ ಕೂರುವ ಮನೆಗೆ ಕರೆಯುವುದಿಲ್ಲ. ಬ್ಯಾಂಕಾಕಿಗೆ ಹೊರಟವರು ಅವಳ ಮನೆ ಮುಂದಿನಿಂದ ಹೋಗದೆ ಹಿಂದಿನ ಓಣಿ ಸುತ್ತಿ ಹೋಗುತ್ತಾರೆ. ಬಸಲಿಂಗವ್ವ ಮಾತ್ರ ಹಿತ್ತಲ ಗೋಡೆಯ ಮೇಲಿಂದ ಪಲ್ಯ, ಸಾರು ದಾಟಿಸುತ್ತ, "ಅಕಿ ಎದ್ದಿಲ್ಲ ಅಂತ ಅಕಿ ಹೇಳ್ತಾಳ. ಅಕಿ ಮನ್ಯಾಗ ನಾವೇನ ಇಣಕಿ ನೋಡೀವೇನು?" ಎನ್ನುತ್ತಿದ್ದಳು.

ಆ ದಿನ ನಾನು ಸ್ನಾನ ಮುಗಿಸಿ ಕೆಳಗಿಳಿಯುವ ಹೊತ್ತಿಗೆ ವಿಮಾನ ಬ್ಯಾಂಕಾಕ್ ಬಿಟ್ಟು ಒಂದು ತಾಸಿನ ಮೇಲಾಗಿತ್ತು. ಅಂಗಳದಲ್ಲಿ ಈರಣ್ಣ ಮೊಬೈಲಿನಲ್ಲಿ ವಿಮಾನದ ದಾರಿ ನೋಡುತ್ತ ಅತ್ತಿಂದಿತ್ತ ಓಡಾಡುತ್ತಿದ್ದ. ಅಡುಗೆಮನೆಯಲ್ಲಿ ಶೈಲಾ ಹೋಳಿಗೆಗೆ ಹೂರಣ ಬೇಯಿಸುತ್ತಿದ್ದಳು. ನಡುಮನೆಯ ಗೋಡೆಗೆ ಬಸಲಿಂಗವ್ವ ಕೂತಿದ್ದಳು. ತಲೆಯ ಮೇಲೆ ಸೆರಗು, ಕಣ್ಣಿಗೆ ಕನ್ನಡಕ, ತೊಡೆಯ ಮೇಲೆ ಫೋನು. ಅವಳ ಮಗ್ಗುಲಿಗೆ, ತೋಳಿಗೆ ತೋಳು ಹತ್ತುವಷ್ಟು ಒತ್ತಾಗಿ, ತಂಗೆವ್ವ ಕೂತಿದ್ದಳು. ನನಗೆ ಆಶ್ಚರ್ಯವಾಯಿತು. ಆದರೆ ಇಂಥ ದಿನ ಅವಳನ್ನು ಒಳಗೆ ಕರೆಯುವ ಧೈರ್ಯವಿದ್ದವಳು ಬಸಲಿಂಗವ್ವ ಒಬ್ಬಳೇ.

"ಬರ್ರಿ ಪೇಪರಣ್ಣಾರ," ತಂಗೆವ್ವ ಅಂದಳು. "ಅಕ್ಕ ಆಗಿಂದ ಕೇಳಾಕತ್ತಾಳ, ಪೇಪರಣ್ಣಾರು ಇನ್ನ ಯಾಕ ಇಳದಿಲ್ಲ ಅಂತ. ಏನರೆ ಸುದ್ದಿ ಹೇಳ್ರಿ."

ನಾನು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತೆ. ನಗರಸಭೆಯ ಸುದ್ದಿ ಹೇಳಿದೆ. ಮೇಲಿನ ಓಣಿಗೆ ನಳ ಹಾಕಿದ್ದಾರೆ, ನೀರು ಬಂದಿಲ್ಲ, ಬಂದದ್ದು ಬರೀ ಗಾಳಿ. ಆ ಗಾಳಿಗೆ ಮೀಟರ್ ಗರಗರ ತಿರುಗಿದೆ. ಒಬ್ಬ ಮುದುಕನಿಗೆ ತಿಂಗಳಿಗೆ ಮುನ್ನೂರು ರೂಪಾಯಿ ಗಾಳಿಯ ಬಿಲ್ಲು ಬಂದಿದೆ. ಅವನು ನಗರಸಭೆಗೆ ಸೈಕಲ್ ಪಂಪು ಹೊತ್ತುಕೊಂಡು ಹೋಗಿ, ನಿಮ್ಮ ಮಾಲು ವಾಪಸ್ ತಗೊಳ್ಳಿ ಎಂದಿದ್ದಾನೆ. ಇಂಥದ್ದಕ್ಕೆ ಬಸಲಿಂಗವ್ವ ಹೊಟ್ಟೆ ಹಿಡಿದು ನಗುವವಳು. ಆ ದಿನ ನಗಲಿಲ್ಲ.

"ಒಳಗಿಂದೊಳಗ ನಗಾಕತ್ತಾಳ," ಎಂದು ತಂಗೆವ್ವ ತಾನೇ ನಕ್ಕಳು. "ಜೋರಾಗಿ ನಕ್ರ ಮತ್ತೆಲ್ಲಿ ಮೈ ಅಳ್ಳಾಡ್ತೇತೋ ಅಂತ ಅಂಜ್ಯಾಳ. ಹೌದಿಲ್ಲ ಅಕ್ಕ? ಮಗಳು ಬರೂತನಕ ನಗೂದೂ ಬಂದ್."

ಶೈಲಾ ಚಹಾ ತಂದಳು. ನೀರು ಕುಡಿಯದಿದ್ದರೂ ಕೂತವರು ತುಟಿ ಒದ್ದೆ ಮಾಡಿಕೊಳ್ಳುವುದುಂಟು. ಅತ್ತೆಯ ಕೈಗೆ ಕೊಡಲು ಬಾಗಿದವಳನ್ನು ತಂಗೆವ್ವ ತಡೆದು, "ಇತ್ತ ಕೊಡವಾ, ನಾ ಕುಡಸ್ತೀನಿ. ನಿನ್ನ ಹೂರಣ ತಳಾ ಹತ್ತೀತು" ಅಂದಳು. ಸೊಸೆ ಒಳಗೆ ಹೋದಳು. ತಂಗೆವ್ವ ಬಸಿಗೆ ಚಹಾ ಸುರಿದು ಎಡಗೈಯಲ್ಲಿ ಹಿಡಿದು ಬಸಲಿಂಗವ್ವನ ತುಟಿಗೆ ಇಟ್ಟಳು. ಎಡಗೈಯಲ್ಲಿ ಏಕೆ ಎಂದು ನಾನು ನೋಡಿದೆ. ಬಲಗೈ ಬಸಲಿಂಗವ್ವನ ಬೆನ್ನ ಹಿಂದಿತ್ತು. ಚಹಾ ತುಟಿಯ ಸಂದಿಯಿಂದ ಗದ್ದಕ್ಕೆ, ಗದ್ದದಿಂದ ಸೆರಗಿಗೆ ಇಳಿಯಿತು. ತಂಗೆವ್ವ ಕೂಸಿನ ಬಾಯಿ ಒರೆಸುವ ಹಾಗೆ ಒರೆಸಿದಳು. ಚಹಾದ ಹಬೆ ಕನ್ನಡಕಕ್ಕೆ ಕಟ್ಟಿತ್ತು. ಆ ಮಂಜು ಮೆಲ್ಲಗೆ ಕರಗಿ ಗಾಜಿನ ಹಿಂದೆ ಎರಡು ಅರೆತೆರೆದ ಕಣ್ಣು ಕಂಡವು. ರೆಪ್ಪೆ ಬಡಿಯುವುದನ್ನು ಕಾದೆ. ಬಡಿಯಲಿಲ್ಲ.

ನಾನು ಮುಂದೆ ಬಾಗಿ ಬಸಲಿಂಗವ್ವನ ಪಾದ ಮುಟ್ಟಿದೆ. ನೀರಿನಲ್ಲಿ ಇಟ್ಟಿದ್ದ ಸಾಣೆಕಲ್ಲನ್ನು ಮುಟ್ಟಿದಂತಾಯಿತು.

ಅಪಘಾತ, ಕೊಲೆ, ನೆರೆ ಎಲ್ಲವನ್ನೂ ನೋಡಿ ಬರೆದವನು ನಾನು. ಹೆಣ ನನಗೆ ಹೊಸದಲ್ಲ. ಆದರೆ ಒಂದು ಹೆಣಕ್ಕೆ ಸೈಕಲ್ ಪಂಪಿನ ಜೋಕು ಹೇಳಿದ್ದು ಅದೇ ಮೊದಲು. ಹುಟ್ಟಿನಿಂದ ಬಂದ ಅಭ್ಯಾಸ, ಮೊಣಕಾಲು ತಾವಾಗಿಯೇ ಏಳಲು ಹೊರಟವು. ತಂಗೆವ್ವ ಬಸಿಯನ್ನು ಕೆಳಗಿಟ್ಟು ನನ್ನ ಅಂಗಿಯ ತುದಿ ಹಿಡಿದಳು.

"ಕುಂದ್ರಿ," ಅಂದಳು. ದನಿ ತುಟಿ ದಾಟಲಿಲ್ಲ. "ನೀವು ಎದ್ರ ಯಾಕ ಎದ್ರಿ ಅಂತ ಕೇಳ್ತಾರ."

"ಯಾವಾಗ?"

"ಅನಸೂಯಾನ ಫೋನು ಬಂತು. ವಿಮಾನದಾಗ ಕುಂತೀನಿ, ಬಾಗಲಾ ಹಾಕಿದ್ರು, ನೀನೂ ಕುಂದ್ರವ್ವ ಅಂದ್ಳು. ಕುಂತೀನಿ ಬಾ ಯವ್ವ ಅಂದ್ಳು ಅಕ್ಕ. ಫೋನ್ ತೊಡಿ ಮ್ಯಾಲೆ ಇಟ್ಕೊಂಡ್ಳು. ನನ್ನ ಹೆಗಲಿಗೆ ತಲಿ ಕೊಟ್ಟಳು. ಅಷ್ಟ."

"ಆವಾಗ ವಿಮಾನ ಏರಿತ್ತೋ ಇಲ್ಲೋ?" ನನ್ನ ಬಾಯಿಂದ ಬಂದದ್ದು ವರದಿಗಾರನ ಪ್ರಶ್ನೆ.

"ಇಲ್ಲರಿ. ಕೈ ಮುಟ್ಟಿ ನೋಡ್ದೆ, ಮೂಗಿಗೆ ಬೆರಳು ಹಿಡದ್ನಿ. ಒದರಬೇಕು ಅಂತ ಬಾಯಿ ತಗದಿದ್ದೆ. ಅಷ್ಟರಾಗ ಅಂಗಳದಿಂದ ಈರಣ್ಣ, ನೆಲಾ ಬಿಟ್ತಂತ ಯವ್ವಾ ಅಂತ ಕೂಗಿದಾ." ತಂಗೆವ್ವ ಎಡಗೈಯಲ್ಲಿ ಬಸಲಿಂಗವ್ವನ ಸೆರಗು ಸರಿಪಡಿಸಿದಳು. "ಅಣ್ಣಾರ, ಆ ಹೊತ್ತಿಗೆ ಈ ಮನ್ಯಾಗ ಜೀವಂತ ಕುಂತಾಕಿ ಅಂದ್ರ ನಾ ಒಬ್ಬಾಕೀನ. ಈರಣ್ಣ ನಿಂತಿದ್ದಾ, ಶೈಲಾ ನಿಂತಿದ್ಳು. ನಾ ಬಾಯಿ ಮುಚ್ಚಿಕೊಂಡೆ."

ಇನ್ನು ಅವಳು ವಿವರಿಸಬೇಕಿರಲಿಲ್ಲ. ಸಾವೆಂದು ಗೊತ್ತಾದರೆ ಮನೆಯಲ್ಲಿ ಎಲ್ಲರೂ ಏಳಬೇಕು, ಅವಳನ್ನೂ ಎಬ್ಬಿಸುತ್ತಾರೆ. ನಾನು ಅನಸೂಯಾಳಿಗೆ ಕೂತಿದ್ದೇನೆ ಎಂದು ಅವಳು ಹೇಳಿದರೆ ಯಾರು ಕೇಳುತ್ತಾರೆ? ಗಂಡನಿಗೇ ಕೂರಲಾಗದವಳು ಎಂದು ರಟ್ಟೆ ಹಿಡಿದು ಎಳೆಯುತ್ತಾರೆ. ಇನ್ನೂ ಎರಡೂವರೆ ತಾಸಿನ ದಾರಿ ಬಾಕಿ. ಅದು ಕಡಲಿನ ಮೇಲಿನ ದಾರಿ. ಅಲ್ಲಿ ಒಂದು ಸೀಟಿನಲ್ಲಿ ಏಳು ತಿಂಗಳ ಬಸಿರಿ ಬೆಲ್ಟು ಸಡಿಲ ಮಾಡಿಕೊಂಡು, ಅವ್ವ ಕೂತಿದ್ದಾಳೆ ಎಂದು ನಂಬಿಕೊಂಡು ಬರುತ್ತಿದ್ದಾಳೆ.

ಸಾವು ಸಂಭವಿಸಿದೆ, ಮನೆಯವರಿಗೆ ತಿಳಿಸಬೇಕು. ಮಗ ಹತ್ತು ಹೆಜ್ಜೆ ದೂರದಲ್ಲಿದ್ದಾನೆ, ಹೆತ್ತವಳು ಸತ್ತದ್ದನ್ನು ತಿಳಿಯುವ ಹಕ್ಕು ಅವನದು. ನನ್ನ ಕೆಲಸ ಇರುವುದನ್ನು ಇದ್ದ ಹಾಗೆ ಹೇಳುವುದು. ಬೇರೆ ಕೆಲಸ ನನಗೆ ಬರುವುದೂ ಇಲ್ಲ. ಬಾಗಿಲಿಗೆ ಬಂದ ಈರಣ್ಣ, "ಅವ್ವಾ, ಅರ್ಧಾ ಕಡಲು ದಾಟ್ಯಾಳ" ಅಂದ. ತಂಗೆವ್ವ ಬೆನ್ನ ಹಿಂದಿನ ಕೈಯಿಂದ ಏನು ಮಾಡಿದಳೋ, ಬಸಲಿಂಗವ್ವನ ತಲೆ ಒಂದಿಷ್ಟು ಬಾಗಿ ಹೂಂ ಅಂದಂತಾಯಿತು.

"ನಿದ್ದಿ ಬಂದಾವು ಈರಣ್ಣ," ಅಂದೆ ನಾನು. "ಮಾತಾಡಸ್ಬ್ಯಾಡ."

ಅವನು ತಾಯಿಯ ಮುಖವನ್ನು ಪ್ರೀತಿಯಿಂದ ನೋಡಿ, ಕಾಲ ಸಪ್ಪಳವಾಗದಂತೆ ಹೊರಗೆ ಹೋದ.

ಹಾಗೆ ಶುರುವಾಯಿತು. ಯಾರಾದರೂ ಬಾಗಿಲಿಗೆ ಬಂದರೆ ನಾನು ಸುದ್ದಿ ಹೇಳುತ್ತಿದ್ದೆ, ತಂಗೆವ್ವ ಇಬ್ಬರ ಪಾಲಿನ ಉತ್ತರ ಕೊಡುತ್ತಿದ್ದಳು. ಓಣಿಯ ಇಬ್ಬರು ಹೆಂಗಸರು ಬಂದು, ತಂಗೆವ್ವನನ್ನು ನೋಡಿ ಮುಖ ಸಿಂಡರಿಸಿ, ಹೊಸ್ತಿಲಲ್ಲೇ ನಿಂತು ಹೋದರು. ಅವಳ ಮೇಲಿನ ತಿರಸ್ಕಾರವೇ ಆ ದಿನ ನಮಗೆ ಬೇಲಿಯಾಯಿತು. ಒಳಗೆ ಯಾರೂ ಇಲ್ಲದಾಗ ಅವಳ ಕಣ್ಣೀರು ಸದ್ದಿಲ್ಲದೆ ಮೂಗಿನ ಪಕ್ಕದಿಂದ ಇಳಿಯುತ್ತಿತ್ತು. ಎಡಗೈ ಖಾಲಿಯಿದ್ದರೂ ಅವಳು ಒರೆಸಿಕೊಳ್ಳುತ್ತಿರಲಿಲ್ಲ, ಬಲಗೈಗೆ ಬಿಡುವೇ ಇರಲಿಲ್ಲ. ಆ ಕೈಯಲ್ಲಿ ಅವಳು ಬಸಲಿಂಗವ್ವನ ಕುಪ್ಪಸವನ್ನು ಹಿಂದಿನಿಂದ ಮುಷ್ಟಿಯಲ್ಲಿ ಹಿಡಿದು ಕೂರಿಸಿದ್ದಳು. ಒಮ್ಮೆ, "ಕೈ ಸತ್ತ ಹೋಗೇತಿ ಅಣ್ಣಾರ" ಅಂದಳು. ನಾನು ಹಿಡಿಯಲೇ ಎಂದೆ. "ಬ್ಯಾಡ್ರಿ. ನೀವು ಆಕಡೆ ಬಂದ್ರ ಸಂಶೆ ಬರ್ತೇತಿ."

ವಿಮಾನ ಇಳಿಯಲು ಇನ್ನೂ ತಾಸಿರುವಾಗ ಶಿವರುದ್ರಪ್ಪನವರು ಬಂದರು. ಬಸಲಿಂಗವ್ವನ ಗಂಡನ ಅಣ್ಣ, ಓಣಿಯ ಹಿರಿಯರು. ಯಾರ ಮನೆಯಲ್ಲಿ ಯಾರು ಕೂತರೂ ಬಂದು ನೋಡಿಹೋಗುವುದು ಅವರ ರೂಢಿ. ಭಾವನ ಎದುರು ಬಸಲಿಂಗವ್ವ ಸೆರಗು ಮುಂದೆಳೆದುಕೊಂಡು ಮಾತಿಲ್ಲದೆ ಇರುವುದು ಮದುವೆಯಾದಂದಿನಿಂದ ನಡೆದುಬಂದದ್ದು. ಅವರ ಕೆಮ್ಮು ಅಂಗಳದಲ್ಲಿ ಕೇಳುತ್ತಲೇ ತಂಗೆವ್ವ ಆ ಸೆರಗನ್ನು ಮೂಗಿನವರೆಗೆ ಎಳೆದಳು.

ಅವರು ತಮ್ಮನ ಹೆಂಡತಿಯತ್ತ ನೋಡಲಿಲ್ಲ. ನೋಡಿದ್ದು ತಂಗೆವ್ವನನ್ನು.

"ಇಕೀನ ಇಲ್ಲಿ ಯಾರು ಕುಂದರ್ಸಿದ್ರು?"

"ಅಕ್ಕ ಕರದ್ಲರಿ ಯಜಮಾನ್ರ."

"ನಿನ್ನ ಅಕ್ಕಗ ಮರುಳು ಹಿಡದೇತಿ ಅಂತ ನಿನಗೂ ಬುದ್ಧಿ ಬ್ಯಾಡೇನು? ಗಂಡನ ಸಲುವಾಗಿ ನಾಲ್ಕು ತಾಸು ಕುಂದರಾಕ ಆಗಲಿಲ್ಲ. ಮಂದಿ ಮನ್ಯಾಗ ಹರಟಿ ಹೊಡ್ಯಾಕ ಮುಕಳಿಗೆ ಬೇರು ಬಿಟ್ಟಾವು. ಏಳು. ಹೊಟ್ಟ್ಯಾಗಿನ ಕೂಸು ಬರೂ ಹೊತ್ತಿನ್ಯಾಗ ನಿನ್ನ ನೆರಳು ಬ್ಯಾಡ."

"ಕಾಲು ಜೋಮು ಹಿಡದಾವ್ರಿ. ಈಗ ಏಳಾಕ ಬರೂದಿಲ್ಲ."

"ಶೈಲಾ," ಎಂದು ಅವರು ಒಳಗೆ ಕೂಗಿದರು. "ಬಾ ಇಲ್ಲೆ. ಇಕೀನ ಕೈ ಹಿಡದು ಎಬ್ಬಸು."

ಶೈಲಾ ಸೆರಗಿಗೆ ಕೈ ಒರೆಸುತ್ತ ಬಂದಳು. ಬಾಗಿ ತಂಗೆವ್ವನ ಎಡಗೈ ಹಿಡಿದಳು. ತಂಗೆವ್ವ ನನ್ನನ್ನು ನೋಡಿದಳು. ಬೇಡುವ ನೋಟವಲ್ಲ ಅದು. ಮುಗಿಯಿತು ಎಂದು ತಿಳಿದವರ ನೋಟ.

"ಎಬ್ಬಿಸ್ಬ್ಯಾಡ್ರಿ," ಅಂದೆ ನಾನು. ನನ್ನ ದನಿ ನನಗೇ ಬೇರೆಯವನದಾಗಿ ಕೇಳಿಸಿತು. "ಕುಂಬಾರ ಓಣಿಯೊಳಗ ಹಿಂಗ ಆಗಿತ್ತು, ಯಜಮಾನ್ರ. ಕುಂತಾಕಿ ಮಗ್ಗಲಕ್ಕ ಮೊದಲಿಂದ ಕುಂತಿದ್ದಾಕೀನ ನಡುವ ಎಬ್ಬಿಸಿದ್ರು. ಸೀಟು ಖಾಲಿ ಬಂತು. ಎರಡು ತಿಂಗಳು."

"ನನಗ ಗೊತ್ತಿಲ್ಲದ್ದು ಯಾವುದದು?"

"ಮನಿಯವರು ಪೇಪರಿಗೆ ಹಾಕಬ್ಯಾಡ್ರಿ ಅಂತ ಕಾಲು ಹಿಡಕೊಂಡ್ರು. ಹಾಕಲಿಲ್ಲ."

ಅಂಥದ್ದು ಏನೂ ನಡೆದಿರಲಿಲ್ಲ. ಶಿವರುದ್ರಪ್ಪನವರು ನನ್ನನ್ನು ದಿಟ್ಟಿಸಿದರು. ವರ್ಷಗಟ್ಟಲೆ ನಾನು ಬರೆದದ್ದನ್ನು ಓದಿದ ಕಣ್ಣುಗಳು ಅವು. "ನೀವು ಹೇಳಿದ್ರ ಅದು ಖರೇನ ಇರ್ತೇತಿ" ಎಂದು ಸೊಸೆಗೆ ಬಿಡು ಎಂಬಂತೆ ಕೈಯಾಡಿಸಿದರು. ಕೆನ್ನೆಗೆ ಹೊಡೆದಿದ್ದರೂ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಅವರು ಹೋಗಿದ್ದರೆ ಸಾಕಿತ್ತು, ಹೋಗಲಿಲ್ಲ. ಬಾಗಿಲ ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ಸಾವಿನ ಮನೆಯಲ್ಲಿ ಯಾರೂ ಕೂರಬಾರದೆಂದು ಊರಿಗೆಲ್ಲ ಪಾಠ ಹೇಳುವ ಹಿರಿಯರು, ತಮ್ಮನ ಹೆಂಡತಿಯ ಹೆಣದಿಂದ ಆರಡಿ ದೂರದಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತು ಅಡಿಕೆ ಕತ್ತರಿಸತೊಡಗಿದರು. ತೊಟ್ಟಿಲು ಯಾರಿಂದ ಮಾಡಿಸಬೇಕು, ಹೆಣ್ಣಾದರೆ ಏನು ಹೆಸರು, ಗಂಡಾದರೆ ಯಾರ ಹೆಸರು ಎಂದು ನನ್ನೊಂದಿಗೆ ಮಾತಾಡಿದರು. ಉತ್ತರ ಕೊಟ್ಟಿರಬೇಕು. ಏನೆಂದು ನೆನಪಿಲ್ಲ.

ಬಸಲಿಂಗವ್ವನ ತೊಡೆಯ ಮೇಲಿನ ಫೋನು ಬಡಿದುಕೊಂಡಾಗ ಈರಣ್ಣ, ಶೈಲಾ ಇಬ್ಬರೂ ಓಡಿ ಬಂದರು. ತಂಗೆವ್ವ ಎಡಗೈಯಲ್ಲಿ ಫೋನೆತ್ತಿ ಎಲ್ಲರಿಗೂ ಕೇಳುವಂತೆ ಒತ್ತಿದಳು.

"ಅವ್ವಾ," ಅನಸೂಯಾಳ ದನಿ. ಹಿಂದೆ ಜನರ ಗಲಾಟೆ, ಗಗನಸಖಿಯ ಪ್ರಕಟಣೆ. "ಇಳದ್ನೆವ್ವ. ನೆಟ್ಟಗದೀನಿ. ಕೂಸೂ ಒದ್ಯಾಕತ್ತೇತಿ. ಏಳಿನ್ನ, ಸಾಕು. ಅವ್ವಾ?"

"ಬಾ ನಮ್ಮವ್ವ," ಅಂದಳು ತಂಗೆವ್ವ.

"ಯಾರು, ಚಿಗವ್ವ? ಅವ್ವ ಎಲ್ಲಿ?"

"ಇಲ್ಲೇ ಕುಂತಾಳ. ನೀ ಮೊದಲ ಹುಷಾರಿಂದ ಇಳ್ಯವಾ."

ಅವಳು ಫೋನು ಕೆಳಗಿಟ್ಟಳು. ಬೆನ್ನ ಹಿಂದಿನ ಬಲಗೈಯನ್ನು ಎಡಗೈಯಿಂದ ಹಿಡಿದು, ಬೇರೆಯವರ ಕೈ ಎತ್ತಿದ ಹಾಗೆ ಎತ್ತಿ ತನ್ನ ತೊಡೆಗೆ ತಂದುಕೊಂಡಳು. ಬಸಲಿಂಗವ್ವ ಬೀಳಲಿಲ್ಲ. ಇನ್ನು ಹಿಡಿಯುವ ಅಗತ್ಯವೇ ಇರಲಿಲ್ಲ.

"ಈರಣ್ಣ," ತಂಗೆವ್ವ ಅಂದಳು. "ಅವ್ವ ಹೋಗ್ಯಾಳಪಾ. ಮುಂಜಾನೆನ ಹೋಗ್ಯಾಳ. ಇನ್ನ ನೀವು ಅಳ್ರಿ."

ಯಾರೂ ಅಳಲಿಲ್ಲ. ಮೊದಲಿಗೆ ಈರಣ್ಣ ನಕ್ಕ. ಹುಚ್ಚು ಮಾತಿಗೆ ನಗುವ ಹಾಗೆ ನಕ್ಕು, ಬಂದು ತಾಯಿಯ ಭುಜ ಹಿಡಿದು ಅಲ್ಲಾಡಿಸಿದ. ಇಡೀ ಮೈ ಒಂದೇ ತುಂಡಾಗಿ ಅಲ್ಲಾಡಿತು. ಅವನ ಕೈ ಹಿಂದಕ್ಕೆ ಬಂತು. ಶೈಲಾ ಬಾಯಿಗೆ ಸೆರಗು ತುರುಕಿಕೊಂಡಳು. ಶಿವರುದ್ರಪ್ಪನವರು ಕುರ್ಚಿ ಕೆಂಡವಾದಂತೆ ಎದ್ದರು. ಅಡಿಕೆ ಚೂರುಗಳು ನೆಲದ ತುಂಬ ಚೆಲ್ಲಿದವು. ನಾನೂ ಎದ್ದೆ. ಎದ್ದು ಗೋಡೆ ಹಿಡಿದುಕೊಂಡೆ.

"ಮುಂಜಾನೆ ಅಂದ್ರ ಎಷ್ಟೊತ್ತಿಗೆ?" ಶಿವರುದ್ರಪ್ಪನವರು ಕೇಳಿದರು.

ತಂಗೆವ್ವ ನನಗೆ ಹೇಳಿದ್ದನ್ನೇ ಹೇಳಿದಳು. ಅವರು ನಂಬದೆ ನನ್ನತ್ತ ತಿರುಗಿದರು. ನಾನು ನೋಡಿದ್ದಷ್ಟನ್ನು ಹೇಳಿದೆ. ಕುಂಬಾರ ಓಣಿಯ ಕಥೆ ನಾನು ಕಟ್ಟಿದ್ದು ಎಂದೂ ಹೇಳಿದೆ. ಅವರು ಬಾಗಿ ಬಸಲಿಂಗವ್ವನ ಮೊಣಕಾಲು ಮುಟ್ಟಿ ನೋಡಿದರು. ಮಡಿಸಿದ್ದ ಕಾಲು ಮಡಿಸಿದ ಹಾಗೆಯೇ ಬಿಗಿದಿತ್ತು. ಎಷ್ಟೋ ಜನರನ್ನು ಮೀಯಿಸಿ ಕೂರಿಸಿದ ಕೈ ಅದು, ಅದಕ್ಕೆ ಹೊತ್ತಿನ ಅಂದಾಜು ಗೊತ್ತು. ಅವರ ಮುಖ ಬೂದಿಯಾಯಿತು.

"ಹಂಗಾದ್ರ ಅನಸೂಯಾಗ ಕುಂತಾಕಿ ನೀನು," ಅಂದರು.

ತಂಗೆವ್ವ ಜೋಮು ಹಿಡಿದ ಬಲಗೈಯನ್ನು ಎಡಗೈಯಿಂದ ತಿಕ್ಕಿಕೊಳ್ಳುತ್ತಿದ್ದಳು.

"ಹಂಗಾದ್ರ ಆವತ್ತು ಮಲ್ಲೇಶಿಗೆ?" ಅವರ ದನಿ ಇಳಿಯಿತು. ಗದರುವುದು ನಿಂತು ಹೋಗಿ, ಉತ್ತರ ಬೇಡವಾದವನ ಪ್ರಶ್ನೆಯಾಯಿತು. "ಎದ್ದಿದ್ದಿ ಅಲ್ಲ ನೀನು? ಒಂದು ಗಳಿಗೀನರೆ? ಯಾರರೆ ಕರದ್ರು, ಬೆಕ್ಕು ಬಂತು ಅಂತನರೆ? ಹೇಳವಾ. ಇನ್ನ ಯಾರೂ ಏನೂ ಅನ್ನೂದಿಲ್ಲ. ಎದ್ದಿದ್ದೆ ಅಂತ ಹೇಳು."

"ಇವತ್ತು ಹೆಂಗ ಕುಂತಿದ್ದೆನೋ ಆವತ್ತೂ ಹಂಗ ಕುಂತಿದ್ದೆ ಯಜಮಾನ್ರ."

ಆ ಮಾತನ್ನು ಅರ್ಥ ಮಾಡಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ತಂಗೆವ್ವ ಎದ್ದಿದ್ದಳು ಎಂದು ನಂಬಿಕೊಂಡೇ ನಾವು ಹನ್ನೊಂದು ವರ್ಷ ಧೈರ್ಯವಾಗಿ ಟಿಕೆಟು ತೆಗೆಸಿದ್ದೆವು. ಅವಳದು ತಪ್ಪಾಗಿದ್ದರೆ ನಮ್ಮದು ಸರಿಯಾಗಿರುತ್ತಿತ್ತು. ನೆಟ್ಟಗೆ ಕೂತವರ ಸೀಟೂ ಖಾಲಿ ಬರಬಹುದು ಎಂದಾದರೆ, ಎರಡು ಸಾವಿರದ ನಾನೂರ ಎಂಬತ್ತು ಕಿಲೋಮೀಟರಿನ ಆ ಕಡೆ ಇರುವ ನಮ್ಮ ಮಕ್ಕಳನ್ನು ಕರೆತರಲು ನಮ್ಮ ಕೈಯಲ್ಲಿ ಏನಿದೆ? ಶಿವರುದ್ರಪ್ಪನವರ ಇಬ್ಬರು ಗಂಡುಮಕ್ಕಳೂ ಬ್ಯಾಂಕಾಕಿನಲ್ಲಿದ್ದಾರೆ. ಅವರು ಚೆಲ್ಲಿದ ಅಡಿಕೆಯನ್ನೇ ನೋಡುತ್ತ ನಿಂತುಬಿಟ್ಟರು.

ಸುದ್ದಿ ಓಣಿಗೆ ಹಬ್ಬಿತು. ಜನ ಬಂದು ಅಂಗಳದಲ್ಲಿ, ಪಡಸಾಲೆಯಲ್ಲಿ ನಿಂತರು. ಎಲ್ಲರೂ ನಿಂತಿರುವಾಗ ಗೋಡೆಗೆ ಇಬ್ಬರು ಹೆಂಗಸರು ಕೂತಿದ್ದರು. ತಂಗೆವ್ವ ಏಳಲು ನೋಡಿದಳು. ಅಂಗೈ ನೆಲಕ್ಕೆ ಊರಿ, ಒಂದು ಸಲ, ಎರಡು ಸಲ. ಸೊಂಟದ ಕೆಳಗೆ ಜೀವವಿರಲಿಲ್ಲ. ಯಾರೂ ಕೈ ಕೊಡಲಿಲ್ಲ. ಅದು ಹಳೆಯ ತಿರಸ್ಕಾರವಲ್ಲ. ಅವಳನ್ನು ಮುಟ್ಟಲು ಎಲ್ಲರಿಗೂ ಹೆದರಿಕೆ. ನನಗೂ ಹೆದರಿಕೆ. ಅವಳು ಹಾಗೆಯೇ ಗೋಡೆಗೆ ಒರಗಿ, ಎಲ್ಲರ ಕಾಲುಗಳ ಎತ್ತರದಿಂದ ಬಾಗಿಲನ್ನು ನೋಡುತ್ತ ಉಳಿದಳು.

ವಿಮಾನ ನಿಲ್ದಾಣದಿಂದ ಕಾರು ಬಂದು ನಿಂತಿತು. ಬಸಿರಿ ಹೆಣ ನೋಡಬಾರದು ಎಂದು ಹೆಂಗಸರು ಬಾಗಿಲಿಗೆ ಅಡ್ಡ ಬಂದರು. ಯಾರೋ ಅನಸೂಯಾಳಿಗೆ ದಾರಿಯಲ್ಲೇ ಹೇಳಿದ್ದರು. ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. ಯಾರು ಎಲ್ಲಿ ಕೂತಿದ್ದರು ಎಂಬುದನ್ನೂ ಹೇಳಿದ್ದರು. ಅನಸೂಯಾ ಹೊಟ್ಟೆಯ ಮೇಲೆ ಒಂದು ಕೈ ಇಟ್ಟುಕೊಂಡು, ಇನ್ನೊಂದು ಕೈಯಿಂದ ಹೆಂಗಸರನ್ನು ಸರಿಸುತ್ತ ಒಳಗೆ ಬಂದಳು. ಗೋಡೆಯವರೆಗೆ ಬಂದು ನಿಂತಳು. ತಾಯಿಯ ಕನ್ನಡಕವನ್ನೊಮ್ಮೆ ನೋಡಿದಳು. ಆಮೇಲೆ ಗೋಡೆ ಹಿಡಿದು, ಮೊಣಕಾಲೂರಿ, ತುಂಬಿದ ಮೈಯನ್ನು ಬಹಳ ಕಷ್ಟದಿಂದ ಇಳಿಸಿ, ಇಬ್ಬರ ಎದುರು ನೆಲಕ್ಕೆ ಕೂತಳು.

ಕೂರಬಾರದ ಮನೆಯಲ್ಲಿ ಕೂತಳು. ಜನ ಶಿವರುದ್ರಪ್ಪನವರನ್ನು ನೋಡಿದರು. ಅವರು ಅವಳಿಗೆ ಜಾಗ ಬಿಟ್ಟು ಒಂದು ಹೆಜ್ಜೆ ಹಿಂದೆ ಸರಿದರು.

"ಯಾವ ಕಾಲು ಚಿಗವ್ವ?" ಎಂದು ಕೇಳಿದಳು ಅನಸೂಯಾ.

"ಎರಡೂ," ಅಂದಳು ತಂಗೆವ್ವ.

ಅನಸೂಯಾ ಅವಳ ಸೀರೆಯ ಅಂಚು ಸರಿಸಿ, ಮೀನಖಂಡವನ್ನು ಎರಡೂ ಕೈಯಲ್ಲಿ ಹಿಡಿದು ಮೇಲಿನಿಂದ ಕೆಳಗೆ ತಿಕ್ಕತೊಡಗಿದಳು. ಬಲಗಾಲು ತಿಕ್ಕಿ ಮುಗಿಸಿ ಎಡಗಾಲು ಹಿಡಿದಳು. ರಕ್ತ ಇಳಿದು ಬಂದು ಸೂಜಿ ಚುಚ್ಚಿದಂತಾಯಿತೋ ಏನೋ, ತಂಗೆವ್ವ ಹಲ್ಲು ಕಚ್ಚಿ ಯವ್ವಾ ಎಂದಳು. ಆ ಸದ್ದು ಕೇಳಿ ಅನಸೂಯಾಳ ಕೈ ನಿಂತಿತು, ಬಾಯಿ ತೆರೆಯಿತು. ಆ ಮನೆಯಲ್ಲಿ ಮುಂಜಾನೆಯೇ ಏಳಬೇಕಾಗಿದ್ದ ಗೋಳು ಆಗ ಎದ್ದಿತು.